ಸೋಲಿನ ಮರುದಿನ ಊರಿಗೆ ಯಾರು ಬರುತ್ತಾರೆ?

2023ರ ಮೇ 13ರಂದು ಮತ ಎಣಿಕೆ ಮುಗಿದ ಸಂಜೆ ನಾನು ಬಬ್ಬೂರಿನಲ್ಲಿದ್ದೆ. ಗೆದ್ದವರ ಕಡೆಯ ಹುಡುಗರು ಪಟಾಕಿಯ ಸರ ಹಚ್ಚಿ ಹಿರಿಯೂರಿನ ಕಡೆಗೆ ಬೈಕು ಓಡಿಸಿದ್ದರು. ಹೋಟೆಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಒಬ್ಬನೇ ಕುಳಿತಿದ್ದವನು ಸೋತ ಪಕ್ಷವೊಂದರ ನಮ್ಮೂರ ಕಾರ್ಯಕರ್ತ. ಯಾವ ಪಕ್ಷವೆಂದು ಹೇಳಬೇಕಾದ ಅಗತ್ಯವಿಲ್ಲ. ಆ ದಿನ ಸೋತ ಪಕ್ಷಗಳು ಒಂದಕ್ಕಿಂತ ಹೆಚ್ಚಿದ್ದವು. ಸುಮಾರು ಇಪ್ಪತ್ತೈದು ವರ್ಷಗಳಿಂದ ಮತಗಟ್ಟೆಯಲ್ಲಿ ಏಜೆಂಟಾಗಿ ಕುಳಿತವನು. ಸಮಾಧಾನ ಹೇಳಲು ಹೋದೆ. ಅವನು ಕೇಳಿದ್ದು ಬೇರೆಯೇ: 'ಮೇಷ್ಟ್ರೇ, ಸೋತಿದ್ದಕ್ಕೆ ಬೇಜಾರಿಲ್ಲ. ನಾಳೆ ಬೆಳಿಗ್ಗೆ ಜನ ಪಿಂಚಣಿ ಕಾಗದ ಹಿಡ್ಕಂಡು ಮನೆ ಬಾಗ್ಲಿಗೆ ಬರ್ತಾರೆ. ನಾನು ಯಾರಿಗೆ ಫೋನ್ ಮಾಡ್ಲಿ?' ಅಭ್ಯರ್ಥಿಯ ಫೋನು ಆಗಲೇ ಬಂದಾಗಿತ್ತು.

ನಮ್ಮ ರಾಜಕೀಯ ವಿಶ್ಲೇಷಣೆಯೆಲ್ಲ ಈ ಪ್ರಶ್ನೆ ಹುಟ್ಟುವ ಹೊತ್ತಿಗೆ ಮುಗಿದುಹೋಗಿರುತ್ತದೆ. ಯಾವ ಜಾತಿಯ ಮತ ಎತ್ತ ಸರಿಯಿತು, ಯಾವ ನಾಯಕನನ್ನು ಕಡೆಗಣಿಸಿದ್ದರಿಂದ ಎಷ್ಟು ನಷ್ಟವಾಯಿತು ಎಂಬ ಲೆಕ್ಕವನ್ನು ಒಪ್ಪಿಸಿ, ರಾಜಧಾನಿಯ ಹೋಟೆಲೊಂದರಲ್ಲಿ 'ಆತ್ಮಾವಲೋಕನ ಸಭೆ' ನಡೆಸಿ, ಜಿಲ್ಲಾ ಘಟಕದ ಅಧ್ಯಕ್ಷರನ್ನು ಬದಲಿಸಿದರೆ ಸೋಲಿನ ಶ್ರಾದ್ಧ ಮುಗಿಯಿತು. ಆತ್ಮವನ್ನು ಅವಲೋಕಿಸಬೇಕಾದರೆ ಅದು ಎಲ್ಲಿದೆಯೆಂಬುದು ಮೊದಲು ಗೊತ್ತಿರಬೇಕಷ್ಟೆ. ಪಕ್ಷವೊಂದರ ಆತ್ಮ ಬಬ್ಬೂರಿನ ಕಲ್ಲುಬೆಂಚಿನ ಮೇಲೂ ಕುಳಿತಿರಬಹುದೆಂದು ಅಂಥ ಸಭೆಗಳಲ್ಲಿ ಯಾರಿಗೂ ತೋಚಿದಂತಿಲ್ಲ.

ಚಿತ್ರದುರ್ಗ ಜಿಲ್ಲೆಯ ಅಂಕಿಗಳನ್ನೇ ನೋಡಿ. 2018ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಐದನ್ನು ಬಿಜೆಪಿ ಗೆದ್ದಿತು. ಚಳ್ಳಕೆರೆಯೊಂದು ಕಾಂಗ್ರೆಸ್ಸಿಗೆ ಉಳಿಯಿತು. ಐದು ವರ್ಷ ಕಳೆಯುವಷ್ಟರಲ್ಲಿ ಕಾಂಗ್ರೆಸ್ ಐದನ್ನು ಗೆದ್ದಿತು. ಹೊಳಲ್ಕೆರೆಯೊಂದು ಬಿಜೆಪಿಗೆ ಉಳಿಯಿತು. ಅದಾದ ಒಂದೇ ವರ್ಷಕ್ಕೆ, 2024ರಲ್ಲಿ, ಇದೇ ಜಿಲ್ಲೆಯ ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಗೋವಿಂದ ಕಾರಜೋಳ ಗೆದ್ದರು. ಇದನ್ನು ಮತದಾರನ ಪ್ರಬುದ್ಧತೆಯೆಂದು ಹೊಗಳುವುದು ವಾಡಿಕೆ. ಇರಬಹುದು. ಆದರೆ ಯಾವ ಪಕ್ಷಕ್ಕೂ ಇಲ್ಲಿ ಬೇರಿಲ್ಲ ಎಂದೂ ಇದನ್ನು ಓದಬಹುದು. ಬೇರಿಲ್ಲದ ಗಿಡವನ್ನು ಮಳೆ ಬಂದ ಕಡೆಗೆ ಹೊತ್ತೊಯ್ದು ನೆಡುವುದು ಸುಲಭ. ಕಾರಜೋಳರು ಬಂದದ್ದು ದೂರದ ಮುಧೋಳದಿಂದ; ಅವರಿಗಿಂತ ಮುಂಚೆ 2019ರಲ್ಲಿ ಗೆದ್ದ ಎ. ನಾರಾಯಣಸ್ವಾಮಿಯವರು ಬಂದದ್ದು ಆನೇಕಲ್ಲಿನಿಂದ. ವ್ಯಕ್ತಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಒಂದು ಜಿಲ್ಲೆಯ ಪಕ್ಷ ಘಟಕವು ತನ್ನ ಮಣ್ಣಿನಿಂದ ಒಬ್ಬ ಲೋಕಸಭಾ ಅಭ್ಯರ್ಥಿಯನ್ನು ಬೆಳೆಸಿಕೊಳ್ಳಲಾರದಾದರೆ, ಅದು ವರ್ಷವಿಡೀ ಮಾಡುವ ಕೆಲಸವೇನು?

ಸೋಲನ್ನು ಕುರಿತು ಮಾತನಾಡುವ ಅಧಿಕಾರ ನಮ್ಮ ಜಿಲ್ಲೆಗೆ ಉಳಿದವರಿಗಿಂತ ತುಸು ಹೆಚ್ಚೇ ಇದೆ. 1962ರಲ್ಲಿ ಹೊಸದುರ್ಗದ ಮತದಾರರು ಎಸ್. ನಿಜಲಿಂಗಪ್ಪನವರನ್ನು ಸೋಲಿಸಿದರು. ಏಕೀಕರಣದ ಮುಂದಾಳು, 1956ರಲ್ಲಿ ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿ, ಆ ಚುನಾವಣೆಯ ನಂತರ ಮತ್ತೆ ಅದೇ ಕುರ್ಚಿಯಲ್ಲಿ ಕೂರುವರೆಂದು ಎಲ್ಲರೂ ನಂಬಿದ್ದ ನಾಯಕ. ಅವರನ್ನು ಸೋಲಿಸಿದವರು ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪ. ಎಸ್.ಆರ್. ಕಂಠಿಯವರು ಮೂರು ತಿಂಗಳ ಮಟ್ಟಿಗೆ ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಸ್ಥಾನ ತೆರವು ಮಾಡಿಕೊಟ್ಟರು. ಕಂಠಿಯವರ ಆ ಸೌಜನ್ಯವನ್ನು ಇಂದಿನ ರಾಜಕಾರಣದಲ್ಲಿ ಊಹಿಸುವುದೂ ಕಷ್ಟ. ನಿಜಲಿಂಗಪ್ಪನವರು ಅನಂತರ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು, 1969ರ ವಿಭಜನೆಯಲ್ಲಿ ಇಂದಿರಾ ಗಾಂಧಿಯವರಿಗೆ ಎದುರಾಗಿ ನಿಂತು ಅಲ್ಲಿಯೂ ಸೋತರು, ಕೊನೆಗೆ ಚಿತ್ರದುರ್ಗದ ತಮ್ಮ ಮನೆಗೇ ಮರಳಿದರು. ಸೋತವರು ಊರಿಗೆ ಬಂದ ಅಪರೂಪದ ಉದಾಹರಣೆ ಅದು.

ಆದರೆ ನನ್ನ ಕುತೂಹಲವಿರುವುದು ಗೆದ್ದ ಪಕ್ಷದ ಬಗೆಗೆ. ಹಣವಿಲ್ಲದ, ಅಧಿಕಾರದ ನೆರಳಿಲ್ಲದ ಸಮಾಜವಾದಿಗಳು ನಿಜಲಿಂಗಪ್ಪನವರಂಥವರನ್ನು ಮಣಿಸಿದ್ದು ಹೇಗೆ? ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿ 1951ರ ಕಾಗೋಡು ಸತ್ಯಾಗ್ರಹದಿಂದ ಆರಂಭವಾದ ಒಂದು ಅಭ್ಯಾಸ ಅವರ ಬೆನ್ನಿಗಿತ್ತು. ಚುನಾವಣೆ ಇರಲಿ, ಇಲ್ಲದಿರಲಿ, ಗೇಣಿದಾರನ ಅಂಗಳದಲ್ಲಿ ಕುಳಿತುಕೊಳ್ಳುವ ಅಭ್ಯಾಸ. ಶಾಂತವೇರಿ ಗೋಪಾಲಗೌಡರು 1952ರಲ್ಲಿ ಗೆದ್ದರು, 1957ರಲ್ಲಿ ಸೋತರು, 1962ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಸೋತಿದ್ದ ಆ ಐದು ವರ್ಷ ಅವರು ಕಣ್ಮರೆಯಾಗಿರಲಿಲ್ಲ. ಆದರೂ ಆ ಪಕ್ಷ ಉಳಿಯಲಿಲ್ಲ. ಒಡೆಯುತ್ತ, ಕೂಡುತ್ತ, ಮತ್ತೆ ಒಡೆಯುತ್ತ ಸಮಾಜವಾದಿಗಳು ಕೊನೆಗೆ ಜನತಾ ಪಕ್ಷವೆಂಬ ದೊಡ್ಡ ಕೆರೆಗೆ ಸೇರಿಹೋದರು. ತಳಮಟ್ಟದ ಕೆಲಸವೊಂದಿದ್ದರೆ ಸಾಕು, ಪಕ್ಷ ಬದುಕುತ್ತದೆ ಎನ್ನುವವರು ಈ ಅಂಶವನ್ನು ಮರೆಯಬಾರದು.

ಇಲ್ಲಿ ನನ್ನ ಪಕ್ಷಪಾತವನ್ನು ಹೇಳಿಬಿಡುವುದು ಉಚಿತ. 1983ರ ಜನವರಿಯ ಚುನಾವಣೆಯಲ್ಲಿ ನಾನು ಇಪ್ಪತ್ತರ ಹುಡುಗ. ಮತದಾನದ ವಯಸ್ಸು ಆಗ ಇಪ್ಪತ್ತೊಂದು. ಹೀಗಾಗಿ ನನಗೆ ಮತವಿರಲಿಲ್ಲ, ಕಾಲಿತ್ತು. ಚಕ್ರದೊಳಗಿನ ನೇಗಿಲು ಹೊತ್ತ ರೈತನ ಚಿಹ್ನೆಯನ್ನು ಸುಣ್ಣ, ಕೆಮ್ಮಣ್ಣು ಕಲಸಿ ಗೋಡೆಗೋಡೆಗೆ ಬರೆದೆವು. ನನ್ನ ಚಿತ್ರದಲ್ಲಿ ರೈತ ನೇಗಿಲಿಗಿಂತ ಗಿಡ್ಡನಾಗಿದ್ದನೆಂದು ಊರವರು ಬಹುಕಾಲ ನಗುತ್ತಿದ್ದರು. ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಅದೇ ಜನತಾ ಪಕ್ಷ 28ರಲ್ಲಿ ಕೇವಲ ನಾಲ್ಕು ಸ್ಥಾನ ಗೆದ್ದಿತು. ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು, ವಿಧಾನಸಭೆ ವಿಸರ್ಜನೆಯಾಯಿತು, 1985ರ ಮಾರ್ಚಿನಲ್ಲಿ ಜನತಾ ಪಕ್ಷ 139 ಸ್ಥಾನಗಳೊಡನೆ ಹಿಂದಿರುಗಿತು. ಹೆಗಡೆಯವರ ವರ್ಚಸ್ಸೇ ಕಾರಣವೆಂದು ಹೇಳುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಇನ್ನರ್ಧ, ಆ ಎರಡು ತಿಂಗಳು ಸೋತೆವೆಂದು ಮನೆಯಲ್ಲಿ ಕೂರದೆ ಊರೂರು ತಿರುಗಿದ ಹೆಸರಿಲ್ಲದವರದು.

ಅದಕ್ಕಿಂತಲೂ ದೊಡ್ಡ ಸಂಗತಿ ನಡೆದದ್ದು 1987ರಲ್ಲಿ. ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಆ ವರ್ಷ ಚುನಾವಣೆ ನಡೆಯಿತು. ಕುಡಿಯುವ ನೀರಿಗಾಗಿ ಕೊಳವೆ ಬಾವಿ ಕೊರೆಯಿಸಿ 'ನೀರ್ ಸಾಬ್' ಎನ್ನಿಸಿಕೊಂಡಿದ್ದ ಅವರು, ನೀರಿಗಿಂತ ಆಳದಲ್ಲಿದ್ದ ಇನ್ನೊಂದನ್ನು ಮೇಲೆತ್ತಿದ್ದರು. ಪಕ್ಷದ ಕಾರ್ಯಕರ್ತನಿಗೆ ಅಲ್ಲಿಯವರೆಗೆ ಇದ್ದ ಕೆಲಸ ಎರಡೇ: ಚುನಾವಣೆಯಲ್ಲಿ ಕೂಗುವುದು, ಅನಂತರ ಶಾಸಕರ ಮನೆಯ ಜಗುಲಿಯಲ್ಲಿ ಕಾಯುವುದು. ಈಗ ಅವನು ತಾನೇ ನಿಲ್ಲಬಹುದಾಗಿತ್ತು, ಗೆಲ್ಲಬಹುದಾಗಿತ್ತು, ಶಾಲೆಯ ಕೊಠಡಿಗೆ ಹಣ ಎಲ್ಲಿಂದ ಬರಬೇಕೆಂದು ಅಧಿಕಾರಿಯನ್ನು ಎದುರು ಕೂರಿಸಿಕೊಂಡು ಕೇಳಬಹುದಾಗಿತ್ತು. ಕಾಲುಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ವಿಧಾನಸಭೆಯಲ್ಲಿ ಸೋತ ಪಕ್ಷಕ್ಕೂ ಪರಿಷತ್ತಿನಲ್ಲಿ ಸದಸ್ಯರಿರುತ್ತಿದ್ದರು, ಸೋಲು ಸಂಪೂರ್ಣವಾಗುತ್ತಿರಲಿಲ್ಲ.

ಈ ಏಣಿಯನ್ನು ಎಳೆದುಕೊಂಡವರು ಯಾರು? ಎಲ್ಲರೂ. 1989ರಲ್ಲಿ 178 ಸ್ಥಾನ ಗೆದ್ದು ಬಂದ ಕಾಂಗ್ರೆಸ್, 1992ರ ಆರಂಭದಲ್ಲಿ ಈ ಸಂಸ್ಥೆಗಳ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ಮೂರು ದಶಕಗಳ ನಂತರ, 2021ರಲ್ಲಿ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದಾಗ ಬಿಜೆಪಿ ಸರ್ಕಾರ ಕ್ಷೇತ್ರ ಮರುವಿಂಗಡಣೆಯ ಹೆಸರಿನಲ್ಲಿ ಅದನ್ನೇ ಮಾಡಿತು. 2023ರಲ್ಲಿ ಬಂದ ಕಾಂಗ್ರೆಸ್ ಸರ್ಕಾರದ ಕಾಲದಲ್ಲಿಯೂ ಮೀಸಲಾತಿ ಪಟ್ಟಿಯ ನೆಪದಲ್ಲಿ ವರ್ಷಗಳು ಉರುಳಿದವು. ಒಬ್ಬರು ತಡೆದರೆಂದು ಇನ್ನೊಬ್ಬರು ಬೀದಿಗಿಳಿಯಲಿಲ್ಲ. ಶಾಸಕರಿಗೆ ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಚುನಾಯಿತನಿರುವುದು ಹಿತವಲ್ಲ ಎಂಬ ಒಂದೇ ವಿಷಯದಲ್ಲಿ ಮೂರೂ ಪಕ್ಷಗಳಿಗೆ ಸಹಮತವಿದೆಯೆಂದು ನನ್ನ ಗುಮಾನಿ. ತಾಲ್ಲೂಕು ಪಂಚಾಯಿತಿಯ ಒಂದು ಸ್ಥಾನಕ್ಕಾಗಿ ಹತ್ತು ವರ್ಷ ದುಡಿದ ಕಾರ್ಯಕರ್ತ ಐದಾರು ವರ್ಷ ಕಾದು ಕಾದು ಗುತ್ತಿಗೆದಾರನಾಗುತ್ತಾನೆ, ಇಲ್ಲವೇ ಸುಮ್ಮನಾಗುತ್ತಾನೆ. ಚುನಾವಣೆಯಲ್ಲಿ ಸೋತಾಗ 'ಕಾರ್ಯಕರ್ತರು ಕೆಲಸ ಮಾಡಲಿಲ್ಲ' ಎಂಬ ವರದಿ ಹೈಕಮಾಂಡಿಗೆ ಹೋಗುತ್ತದೆ.

ಜನತಾ ಪರಿವಾರದ ಕಥೆಯಲ್ಲಿ ಈ ರೋಗ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. 1994ರಲ್ಲಿ ಜನತಾದಳ 115 ಸ್ಥಾನ ಗೆದ್ದು, ಕಾಂಗ್ರೆಸ್ಸನ್ನು 34ಕ್ಕೆ ಇಳಿಸಿತು. ಅದೇ ಗುಂಪು ಒಡೆದು 1999ರ ಚುನಾವಣೆ ಎದುರಿಸಿದಾಗ ಜಾತ್ಯತೀತ ಬಣಕ್ಕೆ ದಕ್ಕಿದ್ದು 10, ಸಂಯುಕ್ತ ಬಣಕ್ಕೆ 18. ಒಂದು ಕಾಲಕ್ಕೆ ಡಿ. ಮಂಜುನಾಥ್ ಅವರಂಥ ಜನತಾ ನಾಯಕರೂ ಕೆ.ಎಚ್. ರಂಗನಾಥ್ ಅವರಂಥ ಕಾಂಗ್ರೆಸ್ ನಾಯಕರೂ ಪರಸ್ಪರ ಎದುರಾಳಿಗಳಾಗಿದ್ದ ಹಿರಿಯೂರಿನಲ್ಲಿ, ಎರಡೂ ಕಡೆಯವರು ಸಭೆ ಮುಗಿಸಿ ಒಂದೇ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ ಹಿರಿಯೂರಿನಲ್ಲಿ, ಈಗ ಆ ಪರಿವಾರದ ಬಾವುಟ ಹುಡುಕಬೇಕು. 1999ರಲ್ಲಿ ಚಿತ್ರದುರ್ಗ ಲೋಕಸಭಾ ಕ್ಷೇತ್ರವನ್ನು ಸಂಯುಕ್ತ ಜನತಾದಳ ಗೆದ್ದದ್ದು ಚಿತ್ರನಟ ಶಶಿಕುಮಾರ್ ಅವರನ್ನು ನಿಲ್ಲಿಸಿ. ನಾವು ಗೋಡೆಗೆ ಬರೆಯುತ್ತಿದ್ದ ಚಿತ್ರದ ಜಾಗಕ್ಕೆ ಸಿನಿಮಾ ಪೋಸ್ಟರ್ ಬಂದಿತ್ತು.

2006ರಲ್ಲಿ ಮುಖ್ಯಮಂತ್ರಿಯಾದ ಎಚ್.ಡಿ. ಕುಮಾರಸ್ವಾಮಿಯವರು ಗ್ರಾಮ ವಾಸ್ತವ್ಯ ಆರಂಭಿಸಿದಾಗ ಹಳ್ಳಿಗರು ನಿಜವಾಗಿಯೂ ಸಂತೋಷಪಟ್ಟರು. ನಾನೂ ಪಟ್ಟೆ. ಮುಖ್ಯಮಂತ್ರಿಯೊಬ್ಬರು ಬಡವರ ಮನೆಯಲ್ಲಿ ಉಂಡು ಮಲಗುವುದು ಸಣ್ಣ ಮಾತಲ್ಲ. ಆದರೆ ಅವರು ಬೆಳಿಗ್ಗೆ ಎದ್ದು ಹೋದ ಮೇಲೆ ಅದೇ ಮನೆಯ ಅರ್ಜಿಯ ಬೆನ್ನುಹತ್ತುವವನು ಯಾರು? ಪಕ್ಷಕ್ಕೆ ಅಲ್ಲೊಬ್ಬ ಮನುಷ್ಯನಿರಲಿಲ್ಲ. 2004ರಲ್ಲಿ 58 ಇದ್ದ ಜೆಡಿಎಸ್ ಬಲ 2008ರಲ್ಲಿ 28 ಆಯಿತು. 2023ರ ಮುನ್ನ ಪಂಚರತ್ನ ಯಾತ್ರೆಯ ವಾಹನ ರಾಜ್ಯ ಸುತ್ತಿತು, ಕ್ರೇನಿನಿಂದ ಎತ್ತಿದ ಹಾರಗಳು ಪತ್ರಿಕೆಗಳಲ್ಲಿ ರಾರಾಜಿಸಿದವು. ಬಂದದ್ದು 19 ಸ್ಥಾನ. ಸೋತ ನಾಲ್ಕೇ ತಿಂಗಳಿಗೆ ಪಕ್ಷ ಬಿಜೆಪಿಯ ಜತೆ ಮೈತ್ರಿ ಮಾಡಿಕೊಂಡಿತು. ಲೋಕಸಭೆಯಲ್ಲಿ ಎರಡು ಸ್ಥಾನ ಬಂದವು, ನಿಜ. ಆದರೆ ಸೋಲಿಗೆ ಕಂಡುಕೊಂಡ ಉತ್ತರ ಹಳ್ಳಿಯಲ್ಲಿರಲಿಲ್ಲ, ದೆಹಲಿಯಲ್ಲಿತ್ತು.

ಬಿಜೆಪಿಯ ವಿಷಯ ಬೇರೆ ಎನ್ನುವ ಮಿತ್ರರಿದ್ದಾರೆ. ಅದಕ್ಕೆ ಬೂತ್ ಸಮಿತಿಯಿದೆ, ಮತದಾರರ ಪಟ್ಟಿಯ ಪುಟಕ್ಕೊಬ್ಬ ಪ್ರಮುಖನಿದ್ದಾನೆ. ಈ ಮಾತಿನಲ್ಲಿ ತಥ್ಯವಿದೆ. 2018ರಲ್ಲಿ ಅದಕ್ಕೆ ಬಂದದ್ದು ಶೇ 36ರಷ್ಟು ಮತ, ಸ್ಥಾನ 104. 2023ರಲ್ಲಿಯೂ ಶೇ 36, ಸ್ಥಾನ ಮಾತ್ರ 66. ಅಂದರೆ ನೆಲೆ ಕುಸಿಯಲಿಲ್ಲ. ಜೆಡಿಎಸ್ ಕಳೆದುಕೊಂಡ ಶೇ 5ರಷ್ಟು ಮತ, ಕಾಂಗ್ರೆಸ್ ಗಳಿಸಿದ ಶೇ 5 — ಆಟ ಮುಗಿದದ್ದು ಇಲ್ಲಿ. ಆದರೆ ಪುಟಪ್ರಮುಖನ ಕೆಲಸವೇನು? ಮತದಾರನನ್ನು ಮತಗಟ್ಟೆಗೆ ತರುವುದು. ಅವನು ಪಕ್ಷದ ಮಾತನ್ನು ಊರಿಗೆ ಒಯ್ಯುತ್ತಾನೆ. ಊರಿನ ಮಾತನ್ನು ಪಕ್ಷಕ್ಕೆ ಒಯ್ಯುವ ದಾರಿ ಅಷ್ಟು ಅಗಲವಾಗಿಲ್ಲ. ಹಾಗಿದ್ದಿದ್ದರೆ ಗುತ್ತಿಗೆದಾರರ ಶೇ 40ರ ದೂರು, ಗ್ಯಾಸ್ ಸಿಲಿಂಡರಿನ ಬೆಲೆಯ ಸಿಟ್ಟು ಆ ಪಕ್ಷದ ಕಿವಿಗೆ ಫಲಿತಾಂಶಕ್ಕಿಂತ ಮುಂಚೆಯೇ ಬೀಳಬೇಕಿತ್ತು. ಗೆದ್ದ ಕಾಂಗ್ರೆಸ್ಸಿಗೂ ಈ ವಿಷಯದಲ್ಲಿ ಬೀಗಲು ಕಾರಣವಿಲ್ಲ. ಗ್ಯಾರಂಟಿ ಕಾರ್ಡುಗಳನ್ನು ಮನೆಮನೆಗೆ ಮುಟ್ಟಿಸಿದ್ದು ಸಾಹಸವೇ. ಅದೇ ಐದು ಗ್ಯಾರಂಟಿಗಳು ಜಾರಿಯಲ್ಲಿರುವಾಗಲೇ 2024ರಲ್ಲಿ ರಾಜ್ಯದ 28ರಲ್ಲಿ ಒಂಬತ್ತು ಸ್ಥಾನಕ್ಕೆ ನಿಂತದ್ದೇಕೆಂದು ಆ ಪಕ್ಷ ಇನ್ನೂ ಸರಿಯಾಗಿ ಕೇಳಿಕೊಂಡಿಲ್ಲ.

ಪಕ್ಷಗಳ ನೆರಳು ಎಷ್ಟು ತೆಳು ಎಂಬುದಕ್ಕೆ 2008ರ ಸಾಕ್ಷಿ ಸಾಕು. ಬಿಜೆಪಿ 110ಕ್ಕೆ ನಿಂತು, ಬಹುಮತಕ್ಕೆ ಮೂರು ಕಡಿಮೆಯಾದಾಗ ಗೆದ್ದಿದ್ದ ಪಕ್ಷೇತರರು ಆರು ಮಂದಿ. ಅವರಲ್ಲಿ ಇಬ್ಬರು ನಮ್ಮ ಜಿಲ್ಲೆಯವರು: ಹಿರಿಯೂರಿನಿಂದ ಡಿ. ಸುಧಾಕರ್, ಹೊಸದುರ್ಗದಿಂದ ಗೂಳಿಹಟ್ಟಿ ಶೇಖರ್. ಇಬ್ಬರೂ ಸಚಿವರಾದರು. ಸುಧಾಕರ್ 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು, 2018ರಲ್ಲಿ ಬಿಜೆಪಿಯ ಕೆ. ಪೂರ್ಣಿಮಾ ಅವರೆದುರು ಸೋತರು, 2023ರಲ್ಲಿ ಅವರನ್ನೇ ಸೋಲಿಸಿದರು. ಸೋತ ಪೂರ್ಣಿಮಾ ಅದೇ ಅಕ್ಟೋಬರಿನಲ್ಲಿ ಕಾಂಗ್ರೆಸ್ ಸೇರಿದರು. ಹೊಡೆದಾಡಿದ ಎರಡೂ ಬಣದ ಕಾರ್ಯಕರ್ತರು ಒಂದು ಮುಂಜಾನೆ ಎದ್ದು ನೋಡಿದರೆ ತಾವೆಲ್ಲ ಒಂದೇ ಪಕ್ಷದವರು. ನಮ್ಮೂರಿನಲ್ಲಿ ಮಾತು ಬಿಟ್ಟಿದ್ದ ಇಬ್ಬರು ದಾಯಾದಿಗಳು ಆಗಲೂ ಮಾತು ಬಿಟ್ಟೇ ಇದ್ದರು. ಅವರಿಗೆ ಯಾರೂ ತಿಳಿಸಿ ಹೇಳಿರಲಿಲ್ಲವೇನೋ.

ಹಾಗಾದರೆ ತಳಮಟ್ಟದಲ್ಲಿ ಕೆಲಸವೇ ನಡೆಯುತ್ತಿಲ್ಲವೆ? ನಡೆಯುತ್ತಿದೆ, ಪಕ್ಷಗಳ ಹೊರಗೆ. ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ. ವೇದಾವತಿಗೆ ಅಡ್ಡಲಾಗಿ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು; ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ, ಅದರಲ್ಲೂ ಕೊನೆಯ ಎರಡು ದಶಕಗಳಲ್ಲಿ, ಹಿರಿಯೂರಿನ ತೆಂಗಿನ ತೋಟಗಳು ಸುಳಿ ಒಣಗಿ ಕಂಬಗಳಂತೆ ನಿಂತದ್ದನ್ನು ಕಂಡವರು ಮರೆಯಲಾರರು. ಭದ್ರೆಯ ನೀರು ಬರಬೇಕೆಂದು ಧರಣಿ ಕುಳಿತವರು, ಪಾದಯಾತ್ರೆ ಹೊರಟವರು, ಬಂದ್ ಆಚರಿಸಿದವರು ರೈತರು, ವಕೀಲರು, ನಿವೃತ್ತ ನೌಕರರು, ಹಸಿರು ಶಾಲಿನವರು, ಮಠಾಧೀಶರು. ಎಲ್ಲ ಪಕ್ಷಗಳ ಮುಖಂಡರೂ ವೇದಿಕೆಗೆ ಬಂದು ಬೆಂಬಲ ಘೋಷಿಸಿ ಹೋದರು. ಭದ್ರಾ ಮೇಲ್ದಂಡೆ ಯೋಜನೆ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ನೀರುಣಿಸಬೇಕಾದದ್ದು. 2023ರ ಫೆಬ್ರುವರಿಯ ಕೇಂದ್ರ ಬಜೆಟ್ಟಿನಲ್ಲಿ ಅದಕ್ಕೆ ₹5,300 ಕೋಟಿ ಘೋಷಣೆಯಾಯಿತು. ಆ ವರ್ಷದ ವಿಧಾನಸಭಾ ಚುನಾವಣೆ ಬಂತು, ಮರುವರ್ಷದ ಲೋಕಸಭಾ ಚುನಾವಣೆ ಬಂತು, ಹಣ ಬರಲಿಲ್ಲ. ಘೋಷಿಸಿದ ಪಕ್ಷ ಒಂದರಲ್ಲಿ ಸೋತು ಇನ್ನೊಂದರಲ್ಲಿ ಗೆದ್ದಿತು; ಬರಲಿಲ್ಲವೆಂದು ದೂರಿದ ಪಕ್ಷ ಒಂದರಲ್ಲಿ ಗೆದ್ದು ಇನ್ನೊಂದರಲ್ಲಿ ಸೋತಿತು. ನೀರಿಗಾಗಿ ಕುಳಿತವರು ಮಾತ್ರ ಎರಡೂ ಸಲ ಅದೇ ಶಾಮಿಯಾನದಡಿಯಲ್ಲಿದ್ದರು.

ಒಳಮೀಸಲಾತಿಯ ಹೋರಾಟವೂ ಹಾಗೆಯೇ. 2022ರ ಕೊನೆಯಲ್ಲಿ ಹರಿಹರದಿಂದ ಬೆಂಗಳೂರಿಗೆ ಪಾದಯಾತ್ರೆಯಲ್ಲಿ ನಡೆದುಹೋದವರ ಹಿಂದೆ ದಶಕಗಳ ಕಾಯುವಿಕೆಯಿತ್ತು. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರೂ ಅದರ ಮೇಲೆ ಕುಳಿತವು. ಪರಿಶಿಷ್ಟ ಜಾತಿಗೆ ಮೀಸಲಾದ ನಮ್ಮ ಲೋಕಸಭಾ ಕ್ಷೇತ್ರದ ಫಲಿತಾಂಶಗಳ ಒಳಗೆ ಈ ಅಸಮಾಧಾನ ಎಷ್ಟು ಕೆಲಸ ಮಾಡಿತೆಂಬುದನ್ನು ಊರಿನ ಕೇರಿಗಳಲ್ಲಿ ಕುಳಿತು ಮಾತನಾಡಿದವರು ಬಲ್ಲರು. ಪಕ್ಷಗಳು ಇಂಥ ಚಳವಳಿಗಳಿಂದ ಮತ ಪಡೆಯುತ್ತವೆ, ಕೆಲವೊಮ್ಮೆ ಮುಖವನ್ನೂ ಎರವಲು ಪಡೆಯುತ್ತವೆ. ಚಳವಳಿಯ ರೂಢಿಯನ್ನು ಪಡೆಯುವುದಿಲ್ಲ. ಚಳವಳಿಗಳ ಮಿತಿಯೂ ನನಗೆ ಗೊತ್ತು. 1980ರ ನರಗುಂದ-ನವಲಗುಂದ ಬಂಡಾಯದ ಹಿನ್ನೆಲೆಯಲ್ಲಿ ಎದ್ದುಬಂದ ರೈತಸಂಘ, ಲಕ್ಷಾಂತರ ಜನರನ್ನು ಬೀದಿಗೆ ತಂದೂ ವಿಧಾನಸಭೆಯಲ್ಲಿ ಬೆರಳೆಣಿಕೆಯನ್ನು ದಾಟಲಿಲ್ಲ. ಬೀದಿಗೆ ಬಂದವನು ಮತಗಟ್ಟೆಗೆ ಹೋದಾಗ ಜಾತಿಯ ಅಭ್ಯರ್ಥಿಯನ್ನೋ ಗೆಲ್ಲುವ ಕುದುರೆಯನ್ನೋ ಆರಿಸಿಕೊಂಡ. ಆದರೆ ಬ್ಯಾಂಕಿನವರು ಮನೆ ಜಪ್ತಿಗೆ ಬಂದ ದಿನ ರೈತ ಕರೆದದ್ದು ತಾನು ಮತ ಕೊಟ್ಟವನನ್ನಲ್ಲ, ಹಸಿರು ಶಾಲಿನವನನ್ನು.

ಸೋತ ಪಕ್ಷಗಳಿಗೆ ಉಪದೇಶ ಮಾಡುವ ನೈತಿಕತೆ ನನಗೂ ಇಲ್ಲ. ಗೋಡೆಗೆ ಚಿತ್ರ ಬರೆದ ನಾವು ಏಳೆಂಟು ಜನರಲ್ಲಿ ಐವರು ನೌಕರಿ ಹಿಡಿದು ಊರು ಬಿಟ್ಟೆವು. ಬೆಂಗಳೂರಿನ ಬಡಾವಣೆಯಲ್ಲಿ ಕುಳಿತು ಪತ್ರಿಕೆ ಓದಿ, ರಾಜಕೀಯ ಕೆಟ್ಟಿತೆಂದು ಮರುಗುವುದು ನಮಗೆ ರೂಢಿಯಾಗಿದೆ. ಮತದಾನದ ದಿನ ರಜೆಗೆ ಹೊಂದಿಸಿಕೊಂಡು ಪ್ರವಾಸ ಹೋಗುವ ನೆರೆಯವರೂ ನನಗಿದ್ದಾರೆ. ಉಳಿದವನು ಕಲ್ಲುಬೆಂಚಿನವನು. ಓದು ಹತ್ತನೇ ತರಗತಿಗೆ ನಿಂತವನು, ಎರಡು ಎಕರೆ ತೋಟದವನು.

ಮೊನ್ನೆ ಊರಿಗೆ ಹೋಗಿದ್ದಾಗ ಅವನು ಸಿಕ್ಕಿದ. ಕೃಷಿ ಸಂಶೋಧನಾ ಕೇಂದ್ರದ ಆಚೆಗಿನ ತೋಟದವರೆಲ್ಲ ಸೇರಿ ನಾಲೆಯ ಹೂಳು ತೆಗೆಸಲು ಮನವಿ ಬರೆದಿದ್ದರು. ಸಹಿ ಸಂಗ್ರಹಿಸುತ್ತ ಓಡಾಡುತ್ತಿದ್ದ. ಕೇಸರಿ, ಬಿಳಿ, ಹಸಿರು, ಎಲ್ಲ ಬಣ್ಣದವರ ಸಹಿಯೂ ಅದರಲ್ಲಿತ್ತು. ನನ್ನದೂ ಹಾಕಿದೆ. ಕಾಗದದ ಮೇಲ್ತುದಿಯಲ್ಲಿ 'ಗೆ' ಎಂದು ಬರೆದು ಅದರ ಮುಂದೆ ಜಾಗ ಖಾಲಿ ಬಿಟ್ಟಿತ್ತು. ಕೇಳಿದ್ದಕ್ಕೆ ಹೇಳಿದ: 'ಮೊದ್ಲಾಗಿದ್ರೆ ಜಿಲ್ಲಾ ಪಂಚಾಯ್ತಿ ಮೆಂಬರ್ರು ಅಂತ ಬರೀತಿದ್ವಿ ಮೇಷ್ಟ್ರೇ. ಸಹಿ ಎಲ್ಲ ಮುಗೀಲಿ. ಯಾರಿಗೆ ಕೊಡೋದು ಅಂತ ಆಮೇಲೆ ನೋಡನ.'